ಹನೂರಿನ ಹಿಪ್ಪುನೇರಳೆಯೂ ಕಂಪ್ಯೂಟರ್ ಪಾಠವೂ

ಕೊಳ್ಳೇಗಾಲದಿಂದ ಮಲೆ ಮಹದೇಶ್ವರ ಬೆಟ್ಟದ ಬಸ್ಸು ಹಿಡಿದರೆ ಸುಮಾರು 25 ಕಿ.ಮೀ. ದೂರದಲ್ಲಿ ಸಿಗುವ ಊರು ಹನೂರು. 1956ರವರೆಗೆ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಈ ಸೀಮೆ ಬಳಿಕ ಮೈಸೂರು ಜಿಲ್ಲೆಗೆ, 1997ರಲ್ಲಿ ಚಾಮರಾಜನಗರ ಜಿಲ್ಲೆಗೆ ಸೇರಿತು. 2018ರಲ್ಲಿ ಹನೂರು ತಾಲ್ಲೂಕು ಕೇಂದ್ರವಾಯಿತು.

ಸುತ್ತ ಬೆಟ್ಟಸಾಲು, ಮಳೆ ನಂಬಿದ ರಾಗಿ ಹೊಲ, ನೀರಿದ್ದಲ್ಲಿ ಹಿಪ್ಪುನೇರಳೆ. ಪಿಯುಸಿ ಫಲಿತಾಂಶ ಬಂದೊಡನೆ ಇಲ್ಲಿನ ಮನೆಗಳಲ್ಲೂ ಏಳುವ ಪ್ರಶ್ನೆ ಒಂದೇ: ಯಾವ ಕಂಪ್ಯೂಟರ್ ಭಾಷೆ ಕಲಿತರೆ ಸಂಬಳ ಹೆಚ್ಚು? ಬೆಂಗಳೂರಿನ ಕೋರ್ಸಿಗಾಗಿ ಸಾಲ ಮಾಡುವ ಕುಟುಂಬಕ್ಕೆ ಇದು ಹಗುರವಾದ ಪ್ರಶ್ನೆಯಲ್ಲ.

ಉತ್ತರ ರೇಷ್ಮೆ ಬೆಳೆಗಾರರಿಗೆ ಗೊತ್ತು. ಹುಳು ಮೊಟ್ಟೆಯೊಡೆದು ಗೂಡು ಕಟ್ಟಲು ಸುಮಾರು ಒಂದು ತಿಂಗಳು ಸಾಕು. ಚೆನ್ನಾಗಿ ನೋಡಿಕೊಂಡ ಹಿಪ್ಪುನೇರಳೆ ತೋಟವಾದರೋ ಹತ್ತು ಹದಿನೈದು ವರ್ಷ ಸೊಪ್ಪು ಕೊಡುತ್ತದೆ. ಗೂಡಿನ ದರ ಬಿತ್ತೆಂದು ತೋಟವನ್ನೇ ಕಿತ್ತವರು, ದರ ಏರಿದಾಗ ಹೊಸದಾಗಿ ಕಡ್ಡಿ ನೆಟ್ಟು ಕಾಯಬೇಕು.

ಕಂಪ್ಯೂಟರ್ ಭಾಷೆ ಒಂದು ಬೆಳೆ. ಗಣಿತ, ತರ್ಕ, ಮಾಹಿತಿ ಜೋಡಿಸುವ ಕ್ರಮ ತೋಟವಿದ್ದಂತೆ. 1959ರಲ್ಲಿ ರೂಪುಗೊಳ್ಳತೊಡಗಿದ ಕೋಬಾಲ್ ಭಾಷೆ ಬಲ್ಲವರಿಗೆ 1990ರ ದಶಕದ ಕೊನೆಯಲ್ಲಿ ಎಲ್ಲಿಲ್ಲದ ಬೇಡಿಕೆ. ಇಸವಿಯನ್ನು ಎರಡೇ ಅಂಕಿಯಲ್ಲಿ ಬರೆದಿದ್ದ ಹಳೆಯ ಪ್ರೋಗ್ರಾಂಗಳನ್ನು 2000ಕ್ಕೆ ಮುನ್ನ ತಿದ್ದಬೇಕಿತ್ತು. ಆ ಕೆಲಸ ಮುಗಿಯಿತು, ಬೇಡಿಕೆಯೂ ಇಳಿಯಿತು. ತಳಹದಿ ಗಟ್ಟಿಯಿದ್ದವರಿಗೆ 1995ರಲ್ಲಿ ಬಂದ ಜಾವಾಕ್ಕೆ ದಾಟುವುದು ಕಷ್ಟವಾಗಲಿಲ್ಲ.

ಹಾಗಾದರೆ ಆರಂಭ ಎಲ್ಲಿಂದ? ಮೊದಲು ಪೈಥಾನ್ ಅಥವಾ ಸಿ, ಎರಡರಲ್ಲೊಂದನ್ನು ವರ್ಷವಿಡೀ ಕಲಿಯಬೇಕು. ಜೊತೆಗೆ ಮಾಹಿತಿಕೋಶದ ಭಾಷೆಯಾದ ಎಸ್‌ಕ್ಯೂಎಲ್ ಬೇಕು. 1970ರ ದಶಕದಲ್ಲಿ ಹುಟ್ಟಿದ ಇದು ಇಂದಿಗೂ ಸವೆದಿಲ್ಲ. ಆಮೇಲೆ ದಾರಿ ಆರಿಸಿಕೊಳ್ಳಬಹುದು. ಜಾಲತಾಣಕ್ಕೆ ಜಾವಾಸ್ಕ್ರಿಪ್ಟ್, ಬ್ಯಾಂಕು ಹಾಗೂ ದೊಡ್ಡ ಕಂಪನಿಗಳ ಕೆಲಸಕ್ಕೆ ಜಾವಾ, ಯಂತ್ರದೊಳಗಿನ ಚಿಪ್‌ಗಳಿಗೆ ಸಿ, ಕೃತಕ ಬುದ್ಧಿಮತ್ತೆಗೆ ಪೈಥಾನಿನೊಡನೆ ಸಂಖ್ಯಾಶಾಸ್ತ್ರ. ಈಗ ಕೃತಕ ಬುದ್ಧಿಮತ್ತೆಯೇ ಪ್ರೋಗ್ರಾಂ ಬರೆದುಕೊಡುತ್ತದೆ; ಅದರ ತಪ್ಪು ಹಿಡಿಯಬಲ್ಲವರಿಗೆ ಬೆಲೆ ಉಂಟು.

ಪಾಲಕರು ಶುಲ್ಕ ಕಟ್ಟುವ ಮುನ್ನ ಎರಡು ಮಾತು ಕೇಳಬೇಕು. ಹಿಂದಿನ ವಿದ್ಯಾರ್ಥಿಗಳು ಸ್ವತಃ ಮಾಡಿದ ಕೆಲಸ ತೋರಿಸುವಿರಾ? ನೌಕರಿಯ ಭರವಸೆಯನ್ನು ಬರೆದು ಕೊಡುವಿರಾ? ಐಐಟಿಗಳ ಎನ್‌ಪಿಟಿಇಎಲ್ ಪಾಠಗಳನ್ನು ಮನೆಯಲ್ಲೇ ಉಚಿತವಾಗಿ ನೋಡಬಹುದು. ಮೂರು ತಿಂಗಳು ಅದನ್ನು ಕಲಿತು ಮಗುವಿಗೆ ಆಸಕ್ತಿ ಉಳಿದರೆ ಆಗ ಸಾಲದ ಮಾತು ಎತ್ತಿದರಾಯಿತು.