ಫೋನ್ ಇಟ್ಟರೂ ಸಾಯದ ಕೆಲಸ

ಯೂನಿಕ್ಸಿನಲ್ಲಿ ಸಿಗ್‌ಹಪ್ ಅಂತ ಒಂದು ಸಂಕೇತ ಇದೆ. 'ಹಪ್' ಅಂದ್ರೆ ಹ್ಯಾಂಗ್ ಅಪ್, ಫೋನ್ ಇಟ್ಟುಬಿಡೋದು! ಹಿಂದೆ ಟರ್ಮಿನಲ್‌ಗಳು ಫೋನ್ ಲೈನಿನ ಮೂಲಕ ದೂರದ ಕಂಪ್ಯೂಟರನ್ನು ಹಿಡಿಯುತ್ತಿದ್ದವು. ಲೈನ್ ಕಡಿದರೆ ಅಲ್ಲಿ ಓಡುತ್ತಿದ್ದ ಪ್ರೋಗ್ರಾಮಿಗೆ ಈ ಸಂಕೇತ. ಬೇರೆ ಏರ್ಪಾಟು ಇಲ್ಲದಿದ್ದರೆ ಅದರ ಕಥೆ ಮುಗಿಯಿತು. ಮೋಡೆಮ್ ಹೋಗಿ ಎಸ್‌ಎಸ್‌ಎಚ್ ಬಂದರೂ ಪದ್ಧತಿ ಹಾಗೇ ಇದೆ.

ಈ ಪುರಾಣ ಯಾಕೆ ಅಂದ್ರೆ, ಎರಡು ವಾರದಿಂದ ನಾನು ದುದ್ದದಲ್ಲಿದ್ದೀನಿ. ಮಂಡ್ಯ ಹತ್ತಿರದ ನಮ್ಮೂರು. ಅಪ್ಪನಿಗೆ ಕಣ್ಣಿನ ಪೊರೆ ಆಪರೇಷನ್ ಆಗಿದೆ, ಹೊತ್ತುಹೊತ್ತಿಗೆ ಡ್ರಾಪ್ಸ್ ಹಾಕೋಕೆ ನಾನೇ ಆಗಬೇಕು. ರಜೆ ಮುಗಿದಿದೆ. ಆಫೀಸಿನ ಸರ್ವರ್ ಮೇಲೆ ಹನ್ನೆರಡು ಗಂಟೆ ಓಡುವ ಡೇಟಾಬೇಸ್ ಕೆಲಸ ನನ್ನ ತಲೆ ಮೇಲಿದೆ. ಅದು ಎರಡು ಸಲ ಅರ್ಧಕ್ಕೆ ನಿಂತರೆ 'ಊರಿಂದ ಆಗಲ್ಲ, ಬೆಂಗಳೂರಿಗೆ ಬಾ' ಅಂತಾರೆ. ಇಲ್ಲಿ ನೋಡಿದರೆ ಕರೆಂಟಿಗೆ ಹೇಳೋರು ಕೇಳೋರು ಇಲ್ಲ. ಅದು ಹೋದರೆ ವೈಫೈ ಹೋಯ್ತು, ಮೊಬೈಲ್ ಸಿಗ್ನಲ್ ಬೇಕಂದ್ರೆ ಜಗಲಿಗೇ ಬರಬೇಕು.

ಸುಲಭದ ದಾರಿ ನೋಹಪ್. ಕಮಾಂಡಿನ ಮುಂದೆ ಅದನ್ನು ಬರೆದು, ಕೊನೆಗೆ ಆಂಪರ್‌ಸ್ಯಾಂಡ್ ಚಿಹ್ನೆ ಹಾಕಿದರೆ ಪ್ರೋಗ್ರಾಂ ಆ ಸಂಕೇತವನ್ನು ಕಿವಿಗೇ ಹಾಕಿಕೊಳ್ಳಲ್ಲ. ಆದರೆ ಮಧ್ಯದಲ್ಲಿ ಅದು 'ಮುಂದುವರಿಸಲೇ?' ಅಂತ ಕೇಳಿದರೆ ಉತ್ತರ ಕೊಡೋಕೆ ಆಗಲ್ಲ. ನನಗೆ ಒಗ್ಗಿದ್ದು ಟೀಮಕ್ಸ್, 2007ರದ್ದು. 1987ರ ಸ್ಕ್ರೀನ್ ಇದರ ದೊಡ್ಡಣ್ಣ. ಟರ್ಮಿನಲ್ ಸರ್ವರಿನಲ್ಲೇ ಬದುಕಿರುತ್ತೆ, ನಮ್ಮ ಲ್ಯಾಪ್‌ಟಾಪ್ ಬರೀ ಕಿಟಕಿ. ಕಂಟ್ರೋಲ್-ಬಿ ಒತ್ತಿ ಬಿಟ್ಟು, ಡಿ ಒತ್ತಿ ಎದ್ದು ಹೋಗಬಹುದು. ಒತ್ತುವ ಮೊದಲೇ ಕರೆಂಟು ಹೋದರೂ ಚಿಂತೆ ಇಲ್ಲ. ಆಮೇಲೆ 'ಟೀಮಕ್ಸ್ ಅಟ್ಯಾಚ್' ಅಂದ್ರೆ ಬಿಟ್ಟ ಪರದೆ ಹಾಗೇ ಎದುರಿಗೆ.

ಅಪ್ಪನಿಗೆ ವಿವರಿಸಿದೆ. ಕಪ್ಪು ಕನ್ನಡಕದೊಳಗಿಂದಲೇ "ಅಂಗಾರೆ ಪಂಪ್‌ಸೆಟ್ಗೆ ಆಟೋ ಸ್ಟಾರ್ಟ್ರು ಹಾಕ್ದಂಗೆ ಅನ್ಲಾ" ಅಂದ್ರು. ಪೂರ್ತಿ ಹಾಗಲ್ಲ: ಕರೆಂಟು ಹೋದಾಗ ಪಂಪ್ ನಿಲ್ಲುತ್ತೆ, ಬಂದಾಗ ಸ್ಟಾರ್ಟರ್ ಮತ್ತೆ ಎಬ್ಬಿಸುತ್ತೆ. ಇಲ್ಲಿ ಪಂಪ್ ನಿಲ್ಲೋದೇ ಇಲ್ಲ, ಕತ್ತಲಾಗೋದು ನಮ್ಮ ಮನೇಲಿ ಮಾತ್ರ. ಆದರೂ ಅವರ ಹೋಲಿಕೆಯೇ ಚೆನ್ನಾಗಿದೆ, ಬಿಡಿ.

ಒಂದೆರಡು ತಕರಾರುಗಳಿವೆ. ಸಿಸ್ಟಮ್‌ಡಿ ಇರುವ ಕೆಲವು ಲಿನಕ್ಸ್‌ಗಳಲ್ಲಿ ನಾವು ಲಾಗೌಟ್ ಆದ ಕೂಡಲೇ ನಮ್ಮ ಕೆಲಸಗಳನ್ನೆಲ್ಲ ಗುಡಿಸಿಹಾಕುವ ಸೆಟ್ಟಿಂಗ್ ಇರುತ್ತೆ. ಅಲ್ಲಿ ಮೊದಲು 'ಲಿಂಗರ್' ಆನ್ ಮಾಡಿಸಿಕೊಳ್ಳಿ, ಅದೊಂದೇ ಸಾಲದು, ಟೀಮಕ್ಸನ್ನು ಲಾಗಿನ್ ಸೆಷನ್ನಿನ ಹೊರಗೆ ಶುರು ಮಾಡಬೇಕು. ಇನ್ನು ಸರ್ವರನ್ನೇ ಯಾರಾದ್ರೂ ರೀಬೂಟ್ ಮಾಡಿದರೆ ಟೀಮಕ್ಸ್ ಕೂಡ ಗೋವಿಂದ. ಅದಕ್ಕೇ ನನ್ನ ಸ್ಕ್ರಿಪ್ಟು ಪ್ರತಿ ಹತ್ತು ಸಾವಿರ ಸಾಲಿಗೊಮ್ಮೆ ಎಲ್ಲಿಗೆ ಬಂದೆ ಅಂತ ಒಂದು ಫೈಲಿನಲ್ಲಿ ಗುರುತು ಹಾಕಿಕೊಂಡು ಹೋಗುತ್ತೆ.