ಅಟ್ಟದ ಮೇಲಿನ ಕೆಮ್ಮು

ಜೂನ್ 9, 2025, ಸೋಮವಾರ. ಮುಲುಂಡ್

ಅಣ್ಣನ ಮಗನ ಕಫದ ರಿಪೋರ್ಟ್ ಬಂತು. ಟಿಬಿಯೇ. ರಿಫಾಂಪಿಸಿನ್ ಔಷಧಿಗೆ ಬಗ್ಗುವ ಜಾತಿ ಅನ್ನುವುದೊಂದು ಪುಣ್ಯ; ಸೀಬಿನಾಟ್ ಯಂತ್ರ ಎರಡು ಗಂಟೆಯಲ್ಲಿ ಅದನ್ನೂ ಹೇಳಿಬಿಡುತ್ತದೆ. ಈ ಮುಂಬಯಿಯಲ್ಲಿ ಅದು ಸಣ್ಣ ಸಮಾಧಾನವಲ್ಲ. ಆಗ ಲಭ್ಯವಿದ್ದ ಯಾವ ಔಷಧಿಗೂ ಜಗ್ಗದ ಕ್ಷಯದ ನಾಲ್ಕು ಪ್ರಕರಣಗಳನ್ನು ಹಿಂದುಜಾ ಆಸ್ಪತ್ರೆಯ ಡಾ. ಜರೀರ್ ಉದ್ವಾಡಿಯಾ ತಂಡ 2011ರ ಕೊನೆಯಲ್ಲಿ ವರದಿ ಮಾಡಿದ್ದು ಇಲ್ಲಿಂದಲೇ.

"ಅತ್ತೆ, ಊರಿಗೆ ಮಾತ್ರ ಹೇಳ್ಬೇಡಿ" ಅಂದ. ಅವನು ಕೆಲಸ ಮಾಡುವ ಹೋಟೆಲಿನ ಅಟ್ಟದಲ್ಲಿ ಏಳೆಂಟು ಹುಡುಗರು ಒತ್ತಾಗಿ ಮಲಗುತ್ತಾರೆ. ಕಿಟಕಿಯಿಲ್ಲ. ಅವರೆಲ್ಲರ ತಪಾಸಣೆಯೂ ಆಗಬೇಕು.

ಜೂನ್ 14, ಶನಿವಾರ

ಅದೇ ಅಟ್ಟ, ಅದೇ ಗಾಳಿ; ಉಳಿದ ಹುಡುಗರ ಎಕ್ಸ್‌ರೇ ಸರಿಯಾಗಿದೆ. ಈ ಬ್ಯಾಕ್ಟೀರಿಯಾ ಹೊಕ್ಕವರಲ್ಲಿ ನೂರಕ್ಕೆ ಐದರಿಂದ ಹತ್ತು ಮಂದಿಗಷ್ಟೇ ಜೀವಮಾನದಲ್ಲಿ ಯಾವಾಗಲಾದರೂ ಕಾಯಿಲೆ ಏಳುತ್ತದೆ. ಉಳಿದವರನ್ನು ಕಾಯುವವರು ಯಾರು? ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಟ್ಟ ಚಟ, ಹಳೆಯ ಪುಸ್ತಕ ತೆಗೆದು ಕೂತೆ.

ನ್ಯಾಚುರಲ್ ಕಿಲ್ಲರ್ ಕೋಶಗಳು ಬೆಳಕಿಗೆ ಬಂದದ್ದು 1975ರ ಸುಮಾರಿಗೆ. ಟಿ ಕೋಶಗಳು ಶತ್ರುವಿನ ಗುರುತು ಹಿಡಿದು ಸಜ್ಜಾಗಲು ಕ್ಷಯದಲ್ಲಿ ವಾರಗಳೇ ಬೇಕು. ಇವಕ್ಕೆ ಹಿಂದಿನ ಪರಿಚಯ ಬೇಡ. ಸೊಸೈಟಿಯ ವಾಚ್‌ಮನ್ ಹಾಗೆ: ಗುರುತಿನ ಚೀಟಿ ತೋರಿಸದ ಕೋಶವನ್ನು ತಡೆಯುತ್ತವೆ. ಪರ್ಫೋರಿನ್‌ನಿಂದ ಅದರ ಪೊರೆಗೆ ತೂತು ಕೊರೆದು, ಗ್ರ್ಯಾನುಲೈಸಿನ್‌ನಿಂದ ಒಳಗಿನ ಬ್ಯಾಕ್ಟೀರಿಯಾವನ್ನೂ ಕೊಲ್ಲಬಲ್ಲವು. ಇಂಟರ್‌ಫೆರಾನ್ ಗಾಮಾ ಸುರಿಸಿ, ರೋಗಾಣುವನ್ನು ನುಂಗಿ ಸುಮ್ಮನೆ ಕೂತ ಮ್ಯಾಕ್ರೋಫೇಜ್‌ಗಳನ್ನು ಕೆರಳಿಸುತ್ತವೆ.

2018ರಲ್ಲಿ ಸ್ಟ್ಯಾನ್‌ಫರ್ಡ್ ವಿಜ್ಞಾನಿಗಳು 'ನೇಚರ್' ಪತ್ರಿಕೆಯಲ್ಲಿ ಬರೆದದ್ದು ಕುತೂಹಲದ್ದು. ಸೋಂಕು ಮಲಗಿದ್ದವರ ರಕ್ತದಲ್ಲಿ ಈ ಕೋಶಗಳು ಹೆಚ್ಚು, ಕಾಯಿಲೆ ಎದ್ದವರಲ್ಲಿ ಕಡಿಮೆ, ಚಿಕಿತ್ಸೆಯಾದ ಮೇಲೆ ಮತ್ತೆ ಮಾಮೂಲು ಮಟ್ಟ. ಕೋಶ ಕಡಿಮೆಯಾದ್ದರಿಂದಲೇ ರೋಗ ಬಂತು ಎಂದು ಮಾತ್ರ ಈ ಲೆಕ್ಕ ಸಾಧಿಸುವುದಿಲ್ಲ. ಅವಸರದವರು ಅದನ್ನು ಮರೆಯುತ್ತಾರೆ.

ಜೂನ್ 22, ಭಾನುವಾರ

ಯಾರೋ 'ಇಮ್ಯುನಿಟಿ' ಪುಡಿಯ ಡಬ್ಬಿ ತಂದುಕೊಟ್ಟಿದ್ದಾರೆ. ಬೆಲೆ ನೋಡಿ ಸಿಟ್ಟು ಬಂತು. ಆ ದುಡ್ಡಿಗೆ ತಿಂಗಳ ಮೊಟ್ಟೆ ಬರುತ್ತದೆ. ದಿನವಿಡೀ ಊರಿಗೆಲ್ಲ ದೋಸೆ ಹಂಚುವ ಹುಡುಗನ ತೂಕ 43 ಕಿಲೋ!

ನಮ್ಮ ಮಂಗಳೂರಿನ ಯೆನೆಪೋಯ ಮೆಡಿಕಲ್ ಕಾಲೇಜಿನ ಅನುರಾಗ್ ಮತ್ತು ಮಾಧವಿ ಭಾರ್ಗವ ಇದನ್ನೇ ಜಾರ್ಖಂಡ್‌ನಲ್ಲಿ ಪರೀಕ್ಷಿಸಿದರು. ರೋಗಿಯ ಮನೆಯವರಿಗೆ ತಿಂಗಳು ತಿಂಗಳು ಅಕ್ಕಿ, ಬೇಳೆ, ವಿಟಮಿನ್ ಮಾತ್ರೆ ಕೊಟ್ಟಾಗ ಅವರಲ್ಲಿ ಹೊಸದಾಗಿ ಟಿಬಿ ಬರುವುದು ಶೇ. 39ರಷ್ಟು ಇಳಿಯಿತು. 2023ರಲ್ಲಿ 'ಲ್ಯಾನ್ಸೆಟ್' ಅದನ್ನು ಪ್ರಕಟಿಸಿತು. ಹಸಿದ ಮೈಯಲ್ಲಿ ಕಾವಲಿನ ಕೋಶಗಳೂ ಸೊರಗುತ್ತವೆ. ಯಾವ ಪುಡಿಯೂ ಅನ್ನದ ಜಾಗ ತುಂಬದು.

ಟಿಬಿ ರೋಗಿಗಳ ಊಟಕ್ಕೆಂದು ಸರ್ಕಾರ ಕೊಡುವ ನಿಕ್ಷಯ್ ಪೋಷಣ್ ಹಣ ಕಳೆದ ನವೆಂಬರಿನಿಂದ ತಿಂಗಳಿಗೆ 500 ಇದ್ದದ್ದು 1000 ರೂಪಾಯಿ ಆಗಿದೆ. ಇವನ ಬ್ಯಾಂಕ್ ಖಾತೆ ಕುಂದಾಪುರದಲ್ಲಿ, ಆಧಾರ್ ಜೋಡಣೆಯಾಗಿಲ್ಲ. ನಾಳೆ ಆ ಓಡಾಟ.

ಆಗಸ್ಟ್ 17, ಭಾನುವಾರ

ತೂಕ 47 ದಾಟಿದೆ, ಕೆಮ್ಮಿಲ್ಲ, ಕಫದಲ್ಲಿ ಬ್ಯಾಕ್ಟೀರಿಯಾ ಕಾಣಿಸಲಿಲ್ಲ. "ಗುಣ ಆಯ್ತಲ್ಲ ಅತ್ತೆ, ಮಾತ್ರೆ ಸಾಕಲ್ದಾ?" ಅಂದ. ಚೆನ್ನಾಗಿ ಬೈದೆ. ಔಷಧಿಗೆ ಬಗ್ಗದ ಕ್ಷಯಕ್ಕೆ ದಾರಿ ಮಾಡಿಕೊಡುವುದು ಇಂಥ ಅರ್ಧದ ಗುಣವೇ. ಪೈರಾಜಿನಮೈಡ್ ನಿಂತಿದೆ, ಉಳಿದ ಮೂರು ಔಷಧಿ ಡಿಸೆಂಬರ್‌ವರೆಗೆ ನಡೆಯಬೇಕು. ಅಟ್ಟಕ್ಕೊಂದು ಎಕ್ಸಾಸ್ಟ್ ಫ್ಯಾನ್ ಹಾಕಿಸಿ ಎಂದು ಹೋಟೆಲಿನ ಧಣಿಗೆ ಎರಡು ಸಲ ಹೇಳಿಯಾಯಿತು. ಇನ್ನೂ ಹಾಕಿಸಿಲ್ಲ.