ಚಿಟಗುಪ್ಪದ ಗೋಡೆಗಳ ಚಿತ್ರಲಿಪಿ

ಬೀದರ ಜಿಲ್ಲೆಗೆ ಪ್ರವಾಸ ಹೊರಟವರು ಬಸವಕಲ್ಯಾಣದಲ್ಲಿ ಶರಣರ ನೆನಪಿನ ಸ್ಥಳಗಳನ್ನು ಕಂಡು, ಹುಮನಾಬಾದಿನ ಬಳಿಯ ಮಾಣಿಕನಗರದಲ್ಲಿ ಮಾಣಿಕಪ್ರಭುಗಳ ಸಂಸ್ಥಾನಕ್ಕೆ ಕೈಮುಗಿದು ಮುಂದೆ ಸಾಗುವುದು ವಾಡಿಕೆ. ಅಲ್ಲಿಂದ ಅನತಿದೂರದಲ್ಲಿರುವ ಚಿಟಗುಪ್ಪವನ್ನೂ ನೋಡಿ ಬನ್ನಿರೆಂದು ಹೇಳುವವರು ಕಡಮೆ. ಹಿಂದೆ ಹುಮನಾಬಾದ ತಾಲ್ಲೂಕಿಗೆ ಸೇರಿದ್ದು, ಈಚೆಗೆ ತಾನೇ ಒಂದು ತಾಲ್ಲೂಕಿನ ಮುಖ್ಯಸ್ಥಳವಾಗಿರುವ ಈ ಊರಿನಲ್ಲಿ ನಾವು ನೋಡಹೋದುದು ಗುಡಿಯನ್ನಲ್ಲ, ಕೋಟೆಯನ್ನೂ ಅಲ್ಲ. ಸಿನೆಮಾದ ಭಿತ್ತಿಪತ್ರಗಳನ್ನು ಹಚ್ಚುವ ಗೋಡೆಗಳನ್ನು. ವಾಚಕರು ನಗಬಾರದು, ಕಾರಣವನ್ನು ಹೇಳುತ್ತೇವೆ.

1948ರ ಸೆಪ್ಟೆಂಬರಿನವರೆಗೆ ಈ ಸೀಮೆ ನಿಜಾಮರ ಆಳಿಕೆಯಲ್ಲಿದ್ದಿತು. ಕಚೇರಿಯ ಭಾಷೆ ಉರ್ದು, ಮನೆಯ ಮಾತು ಕನ್ನಡ. ಇನ್ನು ಮರಾಠಿ, ತೆಲುಗುಗಳು ನೆರೆಹೊರೆಯ ಭಾಷೆಗಳು. 1956ರ ನವೆಂಬರ 1ರಂದು ಬೀದರ ಜಿಲ್ಲೆ ಮೈಸೂರು ರಾಜ್ಯವನ್ನು ಕೂಡಿದ ಮೇಲೆಯೂ ಈ ಬಹುಭಾಷೆಯ ಬಾಳು ಅಳಿಯಲಿಲ್ಲ. ಇಂಥ ಸೀಮೆಯಲ್ಲಿ ಒಂದು ಲಿಪಿಯನ್ನು ಬಲ್ಲವನಿಗೆ ಇನ್ನೊಂದು ಬಾರದು. ಯಾವ ಲಿಪಿಯನ್ನೂ ಅರಿಯದ ಹಿರಿಯರೂ ಉಂಟು. ಹಳೆಯ ಹಿಂದೀ ಚಿತ್ರಗಳವರು ಹೆಸರನ್ನು ದೇವನಾಗರಿ, ಉರ್ದು, ಇಂಗ್ಲಿಷು ಎಂದು ಮೂರು ಲಿಪಿಗಳಲ್ಲಿ ಬರೆಯಿಸುತ್ತಿದ್ದರು. ಆದರೂ ನೋಡುವವರಿಗೆ ಸಂಗತಿಯನ್ನು ತಿಳಿಸುತ್ತಿದ್ದುದು ಅಕ್ಷರಕ್ಕಿಂತ ಹೆಚ್ಚಾಗಿ ಬಣ್ಣ, ಭಂಗಿ, ಮುಖದ ಅಳತೆ. ಅದೇ ಎಲ್ಲರಿಗೂ ತಿಳಿಯುವ ಚಿತ್ರಲಿಪಿ.

ಪೇಟೆಯಲ್ಲಿ ಒಂದು ಗೋಡೆಯ ಮುಂದೆ ಮೊಮ್ಮಗನ ಕೈಹಿಡಿದು ನಿಂತಿದ್ದ ಹಿರಿಯ ತಾಯಿಯೊಬ್ಬರನ್ನು, “ಇದು ಎಂಥ ಚಿತ್ರ, ತಾಯೀ?” ಎಂದು ಕೇಳಿದೆವು. “ನನಗೇನು ಅಕ್ಷರ ಬರ್ತದೇನಪ್ಪಾ? ಖರೇ, ಬಣ್ಣ ನೋಡಿದ್ರ ತಿಳೀತದ. ಇದು ಹೊಡೆದಾಟದ್ದು. ಈ ಹುಡುಗನ್ನ ಕರ್ಕೊಂಡು ಹೋಗೋದಲ್ಲ” ಎಂದರು. ಒಂದು ಮನೆತನದ ಹಿರಿಯರು ಮಾಡಬೇಕಾದ ತೀರ್ಮಾನವನ್ನು ಆ ತಾಯಿ ಕಣ್ಣಿನಿಂದಲೇ ಮಾಡಿದ್ದರು.

ಈ ಲಿಪಿಯ ವ್ಯಾಕರಣ ಸರಳವಾದುದು. ತಲೆಯ ಹಿಂದೆ ಪ್ರಭಾವಳಿ, ಕಾಲಡಿಯಲ್ಲಿ ಮೋಡ, ಅಭಯಹಸ್ತ ಇವು ಕಂಡರೆ ಪೌರಾಣಿಕ. ಮೇಲೆ ದೇವರ ಮೂರ್ತಿ, ಕೆಳಗೆ ಕೈಜೋಡಿಸಿ ಕಣ್ಣೆತ್ತಿದ ಮುಖವಿದ್ದರೆ ಭಕ್ತಿಯ ಕಥೆ. 1954ರ ‘ಬೇಡರ ಕಣ್ಣಪ್ಪ’ನಂಥ ಚಿತ್ರಗಳ ವರ್ಗ ಇದು. ನೆಗೆಯುವ ಕುದುರೆ, ಎತ್ತಿದ ಖಡ್ಗ, ಹಿಂದೆ ಕೋಟೆಯ ಬುರುಜು ಇದ್ದರೆ ಐತಿಹಾಸಿಕ. 1960ರ ‘ರಣಧೀರ ಕಂಠೀರವ’, 1961ರ ‘ಕಿತ್ತೂರು ಚೆನ್ನಮ್ಮ’ ಈ ಸಾಲಿನವು. ತಾಯಿಯ ಕಂಬನಿದುಂಬಿದ ಮುಖ ದೊಡ್ಡದಾಗಿ, ಮಕ್ಕಳ ಮುಖಗಳು ಸುತ್ತಲೂ ಚಿಕ್ಕದಾಗಿ ಬಂದರೆ ಸಂಸಾರದ ಕಥೆ. ಪ್ರಣಯಕ್ಕೆ ಮಳೆ, ಹೂವು, ತೆಳುನೀಲಿ, ಓರೆಯಾಗಿ ಹರಿಯುವ ಅಕ್ಷರ. 2006ರ ‘ಮುಂಗಾರು ಮಳೆ’ಗೆ ಹೆಸರೇ ಆ ಸಂಕೇತವಾಯಿತು. ಹಾಸ್ಯಕ್ಕೆ ಚಿಕ್ಕ ಮೈಯ ಮೇಲೆ ದೊಡ್ಡ ತಲೆ, ಕುಣಿಯುವ ಅಕ್ಷರ. ಹೊಡೆದಾಟಕ್ಕೆ ಕೆಂಪು ಮತ್ತು ಕಪ್ಪು, ಬಿರುಕುಬಿಟ್ಟ ದಪ್ಪಕ್ಷರ. 1968ರ ‘ಜೇಡರ ಬಲೆ’ ಪತ್ತೇದಾರಿಯ ವೇಷವನ್ನು ಕನ್ನಡಕ್ಕೆ ತಂದ ಮೇಲೆ ಕೋಟು, ಪಿಸ್ತೂಲುಗಳೂ ನಮ್ಮ ಗೋಡೆಗಳಿಗೆ ಪರಿಚಿತವಾದವು. 

ಭಯದ ಚಿತ್ರದಲ್ಲಿ ಮುಖಕ್ಕೆ ಬೆಳಕು ಕೆಳಗಿನಿಂದ ಬೀಳುತ್ತದೆ. ಸೂರ್ಯನಾಗಲಿ ದೀಪವಾಗಲಿ ಸಾಮಾನ್ಯವಾಗಿ ಮೇಲಿನಿಂದ ಬೆಳಗುವುದನ್ನೇ ಕಂಡ ಕಣ್ಣಿಗೆ, ಕೆಳಗಿನ ಬೆಳಕಿನಲ್ಲಿ ಪರಿಚಿತ ಮುಖವೂ ಅಪರಿಚಿತವಾಗಿ ತೋರುವುದು. ಇನ್ನು ‘ಸಂಸ್ಕಾರ’ (1970), ‘ಘಟಶ್ರಾದ್ಧ’ (1977)ಗಳ ಕಾಲದಿಂದ ಬಂದ ವಿಚಾರಪ್ರಧಾನ ಚಿತ್ರಗಳು ಎಷ್ಟೋ ವೇಳೆ ಇದೆಲ್ಲವನ್ನೂ ಬಿಟ್ಟು ಖಾಲಿ ಜಾಗವನ್ನೇ ಗುರುತಾಗಿ ಮಾಡಿಕೊಂಡವು.

ಬಣ್ಣಕ್ಕೂ ಭಾವಕ್ಕೂ ನಂಟು ಕಟ್ಟಿದುದು ಸಿನೆಮಾ ಅಲ್ಲ. ಭರತನ ನಾಟ್ಯಶಾಸ್ತ್ರವು ರೌದ್ರಕ್ಕೆ ಕೆಂಪು, ಭಯಾನಕಕ್ಕೆ ಕಪ್ಪು, ಕರುಣಕ್ಕೆ ಪಾರಿವಾಳದ ಬೂದು, ಅದ್ಭುತಕ್ಕೆ ಹಳದಿ ಎಂದು ಗೊತ್ತುಮಾಡಿದೆ. ಹಾಸ್ಯಕ್ಕೆ ಅದು ಹೇಳುವುದು ಬಿಳುಪು. ನಮ್ಮ ಗೋಡೆಗಳ ಹಾಸ್ಯವೋ ಗಾಢವಾದ ಬಣ್ಣಗಳನ್ನೇ ಬಯಸುತ್ತದೆ. ಭಿತ್ತಿಪತ್ರ ಬರೆದವರು ಶಾಸ್ತ್ರವನ್ನು ಓದಿ ಬರೆದರೆಂದಲ್ಲ. ದೊಡ್ಡಾಟದ ಮುಖವರ್ಣಿಕೆಯನ್ನು ನೋಡಿ ಬೆಳೆದ ಜನಕ್ಕೆ ಯಾವುದು ಒಪ್ಪುವುದೆಂದು ಅವರ ಕೈಗೆ ತಿಳಿದಿತ್ತು.

ಆ ಕೈಗಳ ಪರಂಪರೆಯೂ ಸ್ವಾರಸ್ಯವಾದುದು. 1894ರಲ್ಲಿ ರಾಜಾ ರವಿವರ್ಮರು ಮುಂಬಯಿಯಲ್ಲಿ ಸ್ಥಾಪಿಸಿದ ಕಲ್ಲಚ್ಚಿನ ಮುದ್ರಣಾಲಯದಿಂದ ದೇವರ ಚಿತ್ರಗಳು ಸಾಮಾನ್ಯರ ಮನೆಯ ಗೋಡೆಗೂ ಬಂದವು. 1913ರಲ್ಲಿ ‘ರಾಜಾ ಹರಿಶ್ಚಂದ್ರ’ವನ್ನು ತೋರಿಸಿದ ಫಾಳ್ಕೆಯವರೂ ಮೊದಲು ಮುದ್ರಣದ ಕೆಲಸದಲ್ಲಿ ಪಳಗಿದವರು. ಕೊಲ್ಹಾಪುರದ ಬಾಬೂರಾವ ಪೇಂಟರರು ನಾಟಕದ ಪರದೆಗಳನ್ನು ಬರೆಯುತ್ತಿದ್ದವರು. ಅವರ ‘ಕಲ್ಯಾಣ ಖಜಿನಾ’ (1924) ಚಿತ್ರದ ಭಿತ್ತಿಪತ್ರ ಇಂದಿಗೆ ಉಳಿದುಬಂದಿರುವ ಅತಿ ಹಳೆಯವುಗಳಲ್ಲೊಂದು. ಆ ಕಲ್ಯಾಣ ಮುಂಬಯಿಯ ಬಳಿಯದು, ನಮ್ಮ ಬಸವಕಲ್ಯಾಣವಲ್ಲ.

ಆದರೆ ಈ ಸೀಮೆ ಹೆಮ್ಮೆಪಡಬೇಕಾದ ಹೆಸರೊಂದು ಇದೆ. ನೆರೆಯ ಕಲಬುರ್ಗಿಯಲ್ಲಿ 1916ರಲ್ಲಿ ಹುಟ್ಟಿದ ಎಸ್. ಎಂ. ಪಂಡಿತರು ಮುಂಬಯಿಗೆ ಹೋಗಿ, ಅಲ್ಲಿ ಹಾಲಿವುಡ್ ಚಿತ್ರಗಳ ಪ್ರಚಾರಕ್ಕಾಗಿ ಫಲಕಗಳನ್ನು ಬರೆದರು. ‘ಫಿಲ್ಮ್‌ಇಂಡಿಯಾ’ ಮಾಸಪತ್ರಿಕೆಗೆ ಮುಖಪುಟಗಳನ್ನು ಬರೆದರು. ಮುಂದೆ ಕ್ಯಾಲೆಂಡರುಗಳ ಮೇಲಿನ ಅವರ ಪುರಾಣಚಿತ್ರಗಳು ದೇಶದ ಮೂಲೆಮೂಲೆಯ ಮನೆಗಳನ್ನು ಸೇರಿದವು. 1993ರಲ್ಲಿ ಅವರು ತೀರಿಕೊಂಡರು. ದೇವತೆಗೂ ನಾಯಿಕೆಗೂ ಕಾಂತಿಯನ್ನು ಕೊಟ್ಟುದು ಒಂದೇ ಕುಂಚ. ಮನೆಯ ಗೋಡೆಯ ಮೇಲೆ ದೇವರ ಪಟವನ್ನು ಗುರುತಿಸಬಲ್ಲವರು ಬೀದಿಯ ಗೋಡೆಯ ಮೇಲೆ ಕಥೆಯನ್ನೂ ಗುರುತಿಸಬಲ್ಲರೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಈಗ ಕುಂಚ ಹಿಂದೆ ಸರಿದಿದೆ. ಗಣಕಯಂತ್ರದಲ್ಲಿ ಕೂಡಿಸಿದ ಚಿತ್ರ ಫ್ಲೆಕ್ಸ್ ಹಾಳೆಯ ಮೇಲೆ ಇಳಿಯುತ್ತದೆ. ಅದಕ್ಕೂ ಮೊದಲೇ ಕೈಯಲ್ಲಿರುವ ಮೊಬೈಲಿಗೆ ಬಂದಿರುತ್ತದೆ. ಇದಕ್ಕಾಗಿ ನಾವು ಮರುಗುವವರಲ್ಲ. ಹಿಟ್ಟಿನ ಅಂಟಿನ ಆಸೆಗೆ ದನಗಳು ನಾಯಕನನ್ನು ಗೋಡೆಯಿಂದ ಕಿತ್ತು ಮೇಯುತ್ತಿದ್ದ ಕಾಲ ಹೋದರೆ ಹೋಗಲಿ. ನಮಗೆ ಕಳವಳ ತಂದುದು ಬೇರೆ. 2018ರ ‘ಕೆ.ಜಿ.ಎಫ್.’ ಚಿತ್ರಕ್ಕೆ ಮಸಿಯ ಬಣ್ಣ, ಹೊಗೆ, ಗಡ್ಡದ ನಾಯಕ ಎಲ್ಲವೂ ಒಪ್ಪುತ್ತವೆ, ಏಕೆಂದರೆ ಅದು ಕೋಲಾರದ ಚಿನ್ನದ ಗಣಿಯ ಕಥೆ. ಆದರೆ ಅದರ ಯಶಸ್ಸನ್ನು ಕಂಡು, ಹಳ್ಳಿಯ ಕಥೆಗೂ ಸಂಸಾರದ ಕಥೆಗೂ ಅದೇ ಮಸಿಯನ್ನು ಬಳಿಯುವ ಚಾಳಿ ಬೆಳೆದಿದೆ. ಎಲ್ಲ ಗೋಡೆಗಳೂ ಒಂದೇ ಮಾತನ್ನಾಡಿದರೆ ಯಾವ ಗೋಡೆಯೂ ಏನನ್ನೂ ಹೇಳಿದಂತಾಗದು. ಆಗ ಆ ತಾಯಿಗೆ ಮೊಮ್ಮಗನನ್ನು ಎಲ್ಲಿಗೆ ಕರೆದೊಯ್ಯಬೇಕೆಂದು ತಿಳಿಯುವ ಬಗೆ ಹೇಗೆ?

ಸರಕಾರದ ಪ್ರಮಾಣಪತ್ರದ ಗುರುತು ಇದೆ, ನಿಜ. ‘ಯು’ ಎಂದರೆ ಎಲ್ಲರಿಗೆ, ‘ಎ’ ಎಂದರೆ ವಯಸ್ಕರಿಗೆ; ನಡುವಿನ ‘ಯುಎ’ಯನ್ನು 2024ರ ನಿಯಮಗಳು 7, 13, 16 ವರ್ಷಗಳೆಂದು ಮೂರಾಗಿ ವಿಂಗಡಿಸಿವೆ. ಗೃಹಸ್ಥರು ಮೂಲೆಯ ಆ ಚಿಕ್ಕ ಅಕ್ಷರವನ್ನು ತಪ್ಪದೆ ನೋಡುವುದು ಒಳ್ಳೆಯದು. ಆದರೆ ಅದು ಓದುಬರಹ ಬಲ್ಲವರ ಗುರುತು. ಬಾರದವರಿಗೂ ತಿಳಿಯುವಂತೆ ಸತ್ಯವನ್ನು ನುಡಿಯುವ ಹೊಣೆ ಚಿತ್ರ ಬರೆಯುವವನ ಮೇಲೆಯೇ ಉಳಿಯುತ್ತದೆ.

ಚಿಟಗುಪ್ಪಕ್ಕೆ ಹೋಗುವ ವಾಚಕರು ಪೇಟೆಯಲ್ಲಿ ಒಂದು ಗಳಿಗೆ ನಿಂತು, ಹೆಸರನ್ನು ಓದುವ ಮುನ್ನ ಚಿತ್ರವನ್ನು ಓದಲೆತ್ನಿಸಲಿ. ಜೊತೆಗೆ ಮಕ್ಕಳಿದ್ದರೆ ಅವರನ್ನೂ ಕೇಳಲಿ. ಹಿರಿಯರು ಕಣ್ಣಿನಿಂದ ಕಲಿತ ಈ ವಿದ್ಯೆ ಕಿರಿಯರಿಗೂ ಬಂದರೆ, ಬೆಡಗಿನ ಜಾಹೀರಾತಿಗೆ ಮರುಳಾಗದ ಒಂದು ತಲೆಮಾರು ನಮ್ಮ ಮನೆಗಳಲ್ಲಿ ಬೆಳೆದೀತು.